ಯಾವೂರಾಯ್ತು? ಏನು ಬಂದದ್ದು?

ಸ್ಪ್ಯಾಮ್ ಮೇಲ್, ಅಂದರೆ ಕೇಳದೇ ಬರುವ ಕಸದ ಮೇಲ್ ಸೋಸುವ ಬಗ್ಗೆ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆಡಿದ ಮಾತು ಇದು. ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಹಳ್ಳಿಗೆ ಹೊಸಬರು ಯಾರಾದರೂ ಬಂದರೆ, ಜಗಲಿಯ ಮೇಲೆ ಕೂತ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲು, "ಯಾವೂರಾಯ್ತು?" ಆಮೇಲೆ, "ಏನು ಬಂದದ್ದು?" ಊರಿನ ಹೆಸರು ಕೇಳಿದ ಕೂಡಲೇ ಅವರ ತಲೆಯಲ್ಲಿ ಅರ್ಧ ಲೆಕ್ಕ ಮುಗಿದಿರುತ್ತದೆ. ಬಂದ ಕಾರಣ ಕೇಳಿದ ಮೇಲೆ ಇನ್ನರ್ಧ. ಊರಿನ ಹೆಸರು ಚೆನ್ನಾಗಿಲ್ಲ ಅಂತ ಯಾರನ್ನೂ ಬೀದಿಯಿಂದಲೇ ಅಟ್ಟುವುದಿಲ್ಲ. ಮಾತು ಸಿಹಿಯಾಗಿದೆ ಅಂತ ಸುಮ್ನೆ ನಡುಮನೆಗೂ ಕರೆಯುವುದಿಲ್ಲ. ಎರಡನ್ನೂ ಕೂಡಿಸಿ ತೂಗುತ್ತಾರೆ.

ಮೇಲ್ ಸರ್ವರ್ ಕೇಳುವುದೂ ಇವೇ ಎರಡು ಪ್ರಶ್ನೆ. ಈ ಮೇಲ್ ಯಾವ ವಿಳಾಸದಿಂದ ಬಂತು? ಒಳಗೆ ಏನು ಬರೆದಿದೆ? ಮೊದಲನೆಯದಕ್ಕೆ ಉತ್ತರ ಹೇಳುವುದು ಬ್ಲಾಕ್‌ಲಿಸ್ಟ್, ಅಂದರೆ ಸ್ಪ್ಯಾಮ್ ಕಳಿಸುವ ವಿಳಾಸಗಳ ಪಟ್ಟಿ. ಎರಡನೆಯದಕ್ಕೆ ಪದಗಳನ್ನು ಎಣಿಸಿ ಲೆಕ್ಕ ಹಾಕುವ ಫಿಲ್ಟರ್. ಎರಡನ್ನೂ ಬೇರೆಬೇರೆಯಾಗಿ ಹಾಕಿಕೊಳ್ಳುವುದು ಸುಲಭ, ಒಂದು ಮಧ್ಯಾಹ್ನದ ಕೆಲಸ. ಅವುಗಳ ಮಾತನ್ನು ಸರಿಯಾಗಿ ಕೂಡಿಸುವುದೇ ಕಷ್ಟ. ಕೂಡಿಸುವಾಗ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿಬಿಡುತ್ತೇವೆ. ಈ ತಪ್ಪು ನನ್ನ ಕೈಯಲ್ಲೇ ಆಗಿದೆ, ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಳ್ಳಿ ಶಾಲೆಗಳ ಗ್ರಂಥಾಲಯಕ್ಕೆ ಪುಸ್ತಕ ಕೊಡಿಸುವ ಸಂಸ್ಥೆ ಅದು. ಶಾಲೆಗಳು ಮೇಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ದಿನ ಕಳೆದು ಒಂದು ವಾರದ ಮೇಲೆ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಮೇಡಂ, ಮೂರು ಸಲ ಕಳಿಸಿದೆ. ಮೂರು ಸಲವೂ ವಾಪಸ್ ಬಂತು. ಏನೋ ಇಂಗ್ಲಿಷಿನಲ್ಲಿ ಬರೆದಿದೆ, ನನಗೆ ಗೊತ್ತಾಗಲಿಲ್ಲ" ಅಂದರು. ಲಾಗ್ ತೆಗೆದು ನೋಡಿದೆ. ಮೂರೂ ಮೇಲ್‌ಗಳನ್ನು ನಮ್ಮ ಸರ್ವರ್ ಬಾಗಿಲಲ್ಲೇ ತಿರುಗಿಸಿ ಕಳಿಸಿತ್ತು. ಅವರ ಶಾಲೆಯ ವೆಬ್‌ಸೈಟೂ ಮೇಲೂ ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ, ಅಂದರೆ ಬಾಡಿಗೆ ಸರ್ವರ್‌ನಲ್ಲಿದ್ದವು. ಅಲ್ಲಿ ನೂರಾರು ಸೈಟ್‌ಗಳಿಗೆ ಒಂದೇ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಅಂಕಿಗಳು. ಅದರಲ್ಲಿ ಯಾವುದೋ ಒಂದು ಸೈಟಿಗೆ ಕಳ್ಳರು ನುಗ್ಗಿ ಸ್ಪ್ಯಾಮ್ ಕಳಿಸಿದ್ದರು. ಐಪಿ ಬ್ಲಾಕ್‌ಲಿಸ್ಟ್‌ಗೆ ಸೇರಿತ್ತು. ಒಂದೇ ಮನೆಯಲ್ಲಿ ಬಾಡಿಗೆಗಿದ್ದವರೆಲ್ಲ ಕಳ್ಳರಾದರು.

ಒಂದು ಪಟ್ಟಿಯ ಮಾತನ್ನೇ ನಂಬಬಾರದು ಅಂತ ನನಗೆ ಆಗಲೂ ಗೊತ್ತಿತ್ತು. ಅದಕ್ಕೇ ಎರಡು ಪಟ್ಟಿಗಳು ಒಟ್ಟಿಗೆ ಹೌದು ಅಂದರೆ ಮಾತ್ರ ತಿರುಗಿಸು ಅಂತ ಬರೆದಿದ್ದೆ. ಆಮೇಲೆ ಹುಡುಕಿದಾಗ ತಿಳಿದದ್ದು, ಎರಡನೇ ಪಟ್ಟಿ ತನ್ನ ಮಾಹಿತಿಯಲ್ಲಿ ಹೆಚ್ಚಿನದನ್ನು ಮೊದಲನೆಯದರಿಂದಲೇ ತೆಗೆದುಕೊಳ್ಳುತ್ತಿತ್ತು. ನನ್ನ ಹತ್ತಿರ ಇಬ್ಬರು ಸಾಕ್ಷಿಗಳಿರಲಿಲ್ಲ. ಒಬ್ಬ ಸಾಕ್ಷಿ, ಮತ್ತು ಅವನಿಂದ ಕೇಳಿ ಹೇಳುವ ಇನ್ನೊಬ್ಬ. ಆ ವರ್ಷ ಆ ಶಾಲೆಯ ಮಕ್ಕಳಿಗೆ ಪುಸ್ತಕ ಸಿಗಲಿಲ್ಲ. ಆ ಬೇಸರ ನನಗೆ ಈಗಲೂ ಇದೆ.

ಹಾಗಂತ ಬ್ಲಾಕ್‌ಲಿಸ್ಟೇ ಬೇಡ ಅನ್ನುವವಳಲ್ಲ ನಾನು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರಾಂಡ್ ಸೇರಿ ಸ್ಪ್ಯಾಮ್ ಕಳಿಸುವ ವಿಳಾಸಗಳ ಪಟ್ಟಿ ಇಡಲು ಶುರು ಮಾಡಿದರು. ಸಂಸ್ಥೆಯ ಹೆಸರು ಮ್ಯಾಪ್ಸ್. ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಸ್ಪ್ಯಾಮ್ ಅಂತ ಆಗುತ್ತದೆ. ಪಟ್ಟಿಯನ್ನು ಜಗತ್ತಿಗೆಲ್ಲ ಹಂಚುವುದಕ್ಕೆ ಸಿಕ್ಕ ದಾರಿ ತುಂಬ ಸೊಗಸಾದದ್ದು. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹೇಳುವ ಡಿಎನ್‌ಎಸ್ ಆಗಲೇ ಎಲ್ಲ ಕಡೆ ಇತ್ತು. ಪಟ್ಟಿಯನ್ನು ಅದರೊಳಗೇ ಇಟ್ಟರು.

ಉದಾಹರಣೆಗೆ 203.0.113.25 ಅನ್ನುವ ಐಪಿಯಿಂದ ಯಾರೋ ನಿಮ್ಮ ಸರ್ವರ್‌ಗೆ ಮೇಲ್ ಕೊಡಲು ಬಂದಿದ್ದಾರೆ. ನಿಮ್ಮ ಸರ್ವರ್ ಆ ನಾಲ್ಕು ಅಂಕಿಗಳನ್ನು ತಿರುಗಾಮುರುಗಾ ಮಾಡಿ, ಕೊನೆಗೆ ಪಟ್ಟಿಯ ಹೆಸರು ಸೇರಿಸುತ್ತದೆ. 25.113.0.203, ಅದರ ಹಿಂದೆ ಝೆನ್ ಡಾಟ್ ಸ್ಪ್ಯಾಮ್‌ಹೌಸ್ ಡಾಟ್ ಆರ್ಗ್. ಈ ಹೆಸರಿನ ಸೈಟ್ ಎಲ್ಲಿದೆ ಅಂತ ಡಿಎನ್‌ಎಸ್‌ಗೆ ಕೇಳುತ್ತದೆ. ಅಂಥ ಹೆಸರೇ ಇಲ್ಲ ಅಂತ ಉತ್ತರ ಬಂದರೆ, ಐಪಿ ಪಟ್ಟಿಯಲ್ಲಿಲ್ಲ. 127.0.0.2 ಥರದ ಉತ್ತರ ಬಂದರೆ, ಪಟ್ಟಿಯಲ್ಲಿದೆ. ಅಷ್ಟೇ. ಮೇಲ್‌ನ ಒಂದಕ್ಷರವೂ ಒಳಗೆ ಬರುವ ಮೊದಲೇ ಕೆಲಸ ಮುಗಿಯುತ್ತದೆ. ಲಕ್ಷಗಟ್ಟಲೆ ಕಸದ ಮೇಲ್ ಬರುವ ಸರ್ವರ್‌ಗೆ ಇದು ದೊಡ್ಡ ಉಪಕಾರ. ಈ ಪದ್ಧತಿಯನ್ನು 2010ರಲ್ಲಿ ಆರ್‌ಎಫ್‌ಸಿ 5782 ಅನ್ನುವ ದಾಖಲೆಯಾಗಿಯೂ ಬರೆದಿಟ್ಟಿದ್ದಾರೆ.

ಉತ್ತರದ ಕೊನೆಯ ಅಂಕಿಗೂ ಅರ್ಥವಿದೆ. ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಶುರು ಮಾಡಿದ ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ 2 ಅಂದರೆ ಎಸ್‌ಬಿಎಲ್: ಗೊತ್ತಿರುವ ಸ್ಪ್ಯಾಮ್ ಮೂಲ. 4 ಅಂದರೆ ಎಕ್ಸ್‌ಬಿಎಲ್: ವೈರಸ್ ಹೊಕ್ಕ, ಬೇರೆಯವರ ಹಿಡಿತದಲ್ಲಿರುವ ಕಂಪ್ಯೂಟರ್. 10 ಅಥವಾ 11 ಅಂದರೆ ಪಿಬಿಎಲ್. ಇದು ಅಪರಾಧಿಗಳ ಪಟ್ಟಿ ಅಲ್ಲವೇ ಅಲ್ಲ. ಮನೆಯ ಬ್ರಾಡ್‌ಬ್ಯಾಂಡ್ ಥರದ, ನೇರವಾಗಿ ಬೇರೆ ಸರ್ವರ್‌ಗೆ ಮೇಲ್ ಕೊಡಬೇಕಾಗಿಲ್ಲದ ವಿಳಾಸಗಳ ಪಟ್ಟಿ. ನಿಮ್ಮ ಮನೆಯ ಐಪಿಯೂ ಅದರಲ್ಲಿರಬಹುದು. ಅದರಿಂದ ನಿಮಗೆ ತೊಂದರೆಯೂ ಇಲ್ಲ, ಯಾಕಂದರೆ ನಿಮ್ಮ ಮೇಲ್ ಜಿಮೇಲ್ ಮೂಲಕವೋ ಕಾಲೇಜಿನ ಸರ್ವರ್ ಮೂಲಕವೋ ಹೋಗುತ್ತದೆ. ಆದರೆ ಮೇಲ್ ದಾಟಿ ಬಂದ ಎಲ್ಲ ಐಪಿಗಳನ್ನೂ ಪಿಬಿಎಲ್‌ನಲ್ಲಿ ಹುಡುಕುವ ಹಾಗೆ ಯಾರಾದರೂ ತಪ್ಪಾಗಿ ಹೊಂದಿಸಿದರೆ, ಮನೆಯಿಂದ ಮೇಲ್ ಬರೆದವರೆಲ್ಲ ಸಿಕ್ಕಿಬೀಳುತ್ತಾರೆ. ಮೂರೂ ಬೇರೆಬೇರೆ ಮಾತು. ಮೂರನ್ನೂ ಒಂದೇ "ಹೌದು" ಅಂತ ತೆಗೆದುಕೊಂಡರೆ ಪಟ್ಟಿ ಹೇಳಿದ್ದನ್ನು ನಾವು ಕೇಳಿಸಿಕೊಂಡಿಲ್ಲ ಅಂತಲೇ ಅರ್ಥ.

"ಯಾವೂರು" ಅನ್ನುವ ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಅನ್ನುವುದು 2008ರ ನವೆಂಬರ್ 11ರಂದು ಕಣ್ಣಿಗೇ ಕಂಡಿತು. ಸ್ಯಾನ್ ಹೋಸೆಯಲ್ಲಿ ಮೆಕ್‌ಕೋಲೊ ಅನ್ನುವ ಒಂದು ಹೋಸ್ಟಿಂಗ್ ಕಂಪನಿ ಇತ್ತು. ಲಕ್ಷಾಂತರ ಸೋಂಕಿತ ಕಂಪ್ಯೂಟರ್‌ಗಳಿಗೆ ಅಪ್ಪಣೆ ಕೊಡುವ ಸರ್ವರ್‌ಗಳು ಅಲ್ಲಿದ್ದವು. ಅದಕ್ಕೆ ಇಂಟರ್ನೆಟ್ ಕೊಡುತ್ತಿದ್ದವರು ಆ ದಿನ ಸಂಪರ್ಕ ಕಿತ್ತರು. ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿತ್ತು. ಒಂದು ಕಟ್ಟಡದ ಕೆಲವು ತಂತಿ ಕಿತ್ತದ್ದಕ್ಕೆ! ಕೆಲವು ವಾರಗಳಲ್ಲಿ ಮತ್ತೆ ಏರಿತು, ಅದು ಬೇರೆ ಮಾತು.

ಈಗ ಪಟ್ಟಿಗಳ ಇನ್ನೊಂದು ಮುಖ. ಪಟ್ಟಿ ಇಡುವವರೂ ಮನುಷ್ಯರು. ಅವರೂ ದಣಿಯುತ್ತಾರೆ, ಬಾಗಿಲು ಮುಚ್ಚುತ್ತಾರೆ. 2003ರ ಆಗಸ್ಟ್‌ನಲ್ಲಿ ಒಸಿರುಸಾಫ್ಟ್ ಅನ್ನುವ ಹೆಸರಾದ ಪಟ್ಟಿ, ಸತತ ದಾಳಿ ತಾಳಲಾರದೆ ನಿಂತಿತು. ನಿಲ್ಲುವಾಗ ಯಾವ ಐಪಿ ಕೇಳಿದರೂ "ಹೌದು, ಪಟ್ಟಿಯಲ್ಲಿದೆ" ಅನ್ನಲು ಶುರು ಮಾಡಿತು. ಅದನ್ನೇ ನಂಬಿ ಮೇಲ್ ತಿರುಗಿಸುತ್ತಿದ್ದ ಸರ್ವರ್‌ಗಳು ಜಗತ್ತಿನ ಎಲ್ಲರ ಮೇಲನ್ನೂ ತಿರುಗಿಸಿದವು. ಇದರಿಂದ ಎಲ್ಲರೂ ಪಾಠ ಕಲಿತಿರಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಓಆರ್‌ಡಿಬಿ ಅನ್ನುವ ಇನ್ನೊಂದು ಪಟ್ಟಿ 2006ರ ಡಿಸೆಂಬರ್‌ನಲ್ಲಿ ನಿಂತಿತು. ಆದರೂ ಎಷ್ಟೋ ಸರ್ವರ್‌ಗಳು ಅದಕ್ಕೆ ಕೇಳುತ್ತಲೇ ಇದ್ದವು. 2008ರ ಮಾರ್ಚ್‌ನಲ್ಲಿ ಅದೂ ಎಲ್ಲದಕ್ಕೂ ಹೌದು ಅನ್ನತೊಡಗಿತು. ನಿಂತುಹೋಗಿ ಒಂದು ವರ್ಷ ದಾಟಿದ್ದ ಪಟ್ಟಿಯಿಂದ ಆ ದಿನ ಎಷ್ಟೋ ಕಚೇರಿಗಳ ಮೇಲ್ ಬಂದ್ ಆಯಿತು.

ಇವತ್ತಿಗೂ ಒಂದು ಬಲೆ ಇದೆ, ಹುಷಾರಾಗಿರಿ. ಗೂಗಲ್‌ನ 8.8.8.8 ಥರದ ಸಾರ್ವಜನಿಕ ಡಿಎನ್‌ಎಸ್ ಮೂಲಕ ಸ್ಪ್ಯಾಮ್‌ಹೌಸ್‌ಗೆ ಕೇಳಿದರೆ 127.255.255.254 ಅನ್ನುವ ಉತ್ತರ ಬರಬಹುದು. "ಈ ದಾರಿಯಲ್ಲಿ ಕೇಳಬೇಡಿ" ಅನ್ನುವುದು ಅದರ ಅರ್ಥ. ಯಾವ ಉತ್ತರ ಬಂದರೂ ಪಟ್ಟಿಯಲ್ಲಿದೆ ಅಂತ ತಿಳಿಯುವ ಸರ್ವರ್, ಇದನ್ನೂ ಹೌದು ಅಂತ ಓದಿ ಎಲ್ಲರ ಮೇಲನ್ನೂ ತಿರುಗಿಸುತ್ತದೆ. ಡಿಎನ್‌ಎಸ್‌ಗೆ ಕೇಳಿ ಉತ್ತರ ತರುವ ರಿಸಾಲ್ವರ್ ನಿಮ್ಮದೇ ಇಟ್ಟುಕೊಳ್ಳಿ. ಯಾವ ಅಂಕಿ ಬಂದರೆ ಏನು ಮಾಡಬೇಕು ಅಂತ ಬಿಡಿಸಿ ಬರೆಯಿರಿ.

ಎರಡನೇ ಪ್ರಶ್ನೆಗೆ ಬರೋಣ. ಒಳಗೆ ಏನು ಬರೆದಿದೆ?

ಪದ ಎಣಿಸಿ ಸ್ಪ್ಯಾಮ್ ಗುರುತಿಸುವ ಬಗ್ಗೆ 1998ರಲ್ಲೇ ಮೆಹ್ರಾನ್ ಸಹಾಮಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಬರೆದಿದ್ದರು. ಆದರೆ ಊರೂರಿಗೂ ಸುದ್ದಿ ಮುಟ್ಟಿಸಿದ್ದು 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧ. ಅವರು ತಮಗೆ ಬಂದ ಸುಮಾರು 4000 ಸ್ಪ್ಯಾಮ್ ಮತ್ತು 4000 ಒಳ್ಳೆಯ ಮೇಲ್‌ಗಳನ್ನು ಎರಡು ಗುಡ್ಡೆ ಮಾಡಿದರು. ಪ್ರತಿ ಪದವೂ ಯಾವ ಗುಡ್ಡೆಯಲ್ಲಿ ಎಷ್ಟು ಸಲ ಬಂತು ಅಂತ ಎಣಿಸಿದರು. ಹೊಸ ಮೇಲ್ ಬಂದಾಗ ಅದರಲ್ಲಿ ಅತ್ತ ಅಥವಾ ಇತ್ತ ಬಲವಾಗಿ ವಾಲುವ 15 ಪದಗಳನ್ನು ತೆಗೆದು, ಅವುಗಳ ಸಂಭವವನ್ನು ಕೂಡಿಸಿದರು. ಕೂಡಿಸುವ ಸೂತ್ರ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. ಅವರು ತೀರಿಕೊಂಡ ಮೇಲೆ, 1763ರಲ್ಲಿ ಅವರ ಸ್ನೇಹಿತ ರಿಚರ್ಡ್ ಪ್ರೈಸ್ ಅದನ್ನು ಪ್ರಕಟಿಸಿದರು.

ಗ್ರಹಾಂ ಲೆಕ್ಕದಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ಒಳ್ಳೆಯ ಗುಡ್ಡೆಯಲ್ಲಿ ಪದ ಬಂದರೆ ಅದನ್ನು ಅವರು ಎರಡರಷ್ಟು ಎಣಿಸುತ್ತಿದ್ದರು. ಬೇಕಂತಲೇ ತಕ್ಕಡಿಯನ್ನು ಒಳ್ಳೆಯ ಮೇಲ್ ಕಡೆ ವಾಲಿಸಿದ್ದು ಅದು. ಒಂದು ಸ್ಪ್ಯಾಮ್ ಒಳಗೆ ಬಂದರೆ ಅಳಿಸಿದರಾಯಿತು. ಒಂದು ಒಳ್ಳೆಯ ಮೇಲ್ ಕಳೆದರೆ ಏನಾಗುತ್ತದೆ ಅಂತ ಆ ಮೇಷ್ಟ್ರನ್ನು ಕೇಳಿ.

ಈ ಫಿಲ್ಟರ್‌ನ ಶಕ್ತಿ ಇರುವುದು ಅದು ನಿಮ್ಮದೇ ಆಗಿರುವುದರಲ್ಲಿ. ಬ್ಲಾಕ್‌ಲಿಸ್ಟ್ ಜಗತ್ತಿಗೆಲ್ಲ ಒಂದೇ. ನನ್ನ ಸಂಸ್ಥೆಯ ಫಿಲ್ಟರ್‌ಗೆ "ಗ್ರಂಥಾಲಯ", "ತಾಲೂಕು", "ಮುಖ್ಯೋಪಾಧ್ಯಾಯರು" ಅನ್ನುವ ಪದ ಕಂಡರೆ ಸಾಕು, ಇದು ನಮ್ಮವರ ಮೇಲ್ ಅಂತ ಗೊತ್ತಾಗುತ್ತದೆ. ಬೇರೆ ದೇಶದ ಸ್ಪ್ಯಾಮರ್‌ಗೆ ಆ ಪದ ಬಳಸಬೇಕು ಅಂತ ಹೊಳೆಯುವುದೇ ಇಲ್ಲ. ಅವರು ಮಾಡುವುದು ಬೇರೆ ಉಪಾಯ. ಯಾವುದೋ ಕಥೆಯ ಸಾಲುಗಳನ್ನೋ ಸುದ್ದಿಯ ತುಣುಕನ್ನೋ ಮೇಲ್‌ನ ಕೆಳಗೆ ಬಿಳಿ ಅಕ್ಷರದಲ್ಲಿ ತುಂಬಿ, ಒಳ್ಳೆಯ ಪದಗಳ ಲೆಕ್ಕ ಏರಿಸಲು ನೋಡುತ್ತಾರೆ. ಇಲ್ಲವೇ ಬರಹವನ್ನೇ ಚಿತ್ರ ಮಾಡಿ ಕಳಿಸುತ್ತಾರೆ. ಆಗ ಎಣಿಸಲು ಪದವೇ ಇರುವುದಿಲ್ಲ.

ಕನ್ನಡದ ಮೇಲ್ ಬಂದಾಗ ಈ ಫಿಲ್ಟರ್‌ಗೆ ಇನ್ನೊಂದು ಕಷ್ಟ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇದು ನಮ್ಮ ಮನೆಯ ಸಮಸ್ಯೆ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಕಾಗುಣಿತದ ಚಿಹ್ನೆಗಳು, ಒತ್ತು ಕೊಡುವ ಚಿಹ್ನೆ, ಎಲ್ಲವೂ ಬೇರೆಬೇರೆ ಸಂಕೇತಗಳೇ. "ಹಣ" ಅನ್ನುವ ಪದಕ್ಕೆ 6 ಬೈಟ್ ಸಾಕು. "ಗೆದ್ದಿದ್ದೀರಿ" ಅನ್ನುವುದಕ್ಕೆ 12 ಸಂಕೇತ, 36 ಬೈಟ್. ಸ್ಪ್ಯಾಮ್ ಸೋಸುವ ತಂತ್ರಾಂಶ ಸ್ಪ್ಯಾಮ್‌ಅಸಾಸಿನ್‌ನ ಹಳೆಯ ಆವೃತ್ತಿಗಳು 15 ಬೈಟ್‌ಗಿಂತ ಉದ್ದದ ಇಂಥ ಪದವನ್ನು ಎರಡೆರಡು ಬೈಟ್‌ನ ತುಂಡು ಮಾಡುತ್ತಿದ್ದವು. ಮೂರು ಬೈಟ್‌ನ ಅಕ್ಷರವನ್ನು ಎರಡೆರಡಾಗಿ ಕತ್ತರಿಸಿದರೆ ಉಳಿಯುವುದು ನುಚ್ಚು. ಅದರಿಂದ ಅರ್ಥ ಹುಡುಕುವುದು ಹೇಗೆ? 2022ರ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಯುಟಿಎಫ್-8 ನೋಡಿಕೊಳ್ಳುವ ರೀತಿ ಸುಧಾರಿಸಿದೆ.

ಆದರೂ ನಮ್ಮ ವಿಭಕ್ತಿ ಪ್ರತ್ಯಯಗಳ ತೊಡಕು ಹಾಗೇ ಇದೆ. ಹಣ, ಹಣವನ್ನು, ಹಣಕ್ಕೆ, ಹಣದಿಂದ, ಹಣವೂ. ಫಿಲ್ಟರ್‌ಗೆ ಇವು ಐದು ಬೇರೆ ಪದ. ಇಂಗ್ಲಿಷಿನಲ್ಲಿ ಒಂದು ಪದ ಐವತ್ತು ಸಲ ಕಾಣುವ ಜಾಗದಲ್ಲಿ, ನಮ್ಮಲ್ಲಿ ಐದು ರೂಪ ಹತ್ತತ್ತು ಸಲ ಕಾಣುತ್ತದೆ. ಎಣಿಕೆ ತೆಳುವಾಗುತ್ತದೆ. ತೆಳು ಎಣಿಕೆಯ ಮೇಲೆ ಭರವಸೆ ಇಡುವುದು ಕಷ್ಟ. ಹಾಗಾಗಿ ಕನ್ನಡ ಮೇಲ್ ಜಾಸ್ತಿ ಬರುವ ಸರ್ವರ್‌ಗೆ ಇಂಗ್ಲಿಷಿನಷ್ಟೇ ಮಾದರಿ ಕೊಟ್ಟು ಕಲಿಸಿದರೆ ಸಾಲದು, ಇನ್ನೂ ಜಾಸ್ತಿ ಬೇಕು. ಅಲ್ಲಿಯವರೆಗೆ "ಯಾವೂರು" ಅನ್ನುವ ಪ್ರಶ್ನೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ. ಎರಡೂ ಯಾಕೆ ಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಬಲವಾದ ಕಾರಣ ಇದು.

ಈಗ ಕೂಡಿಸುವ ಲೆಕ್ಕ. ಪೆನ್ನು ತೆಗೆದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಕಲ್ಪಿಸಿದ್ದು.

ಒಂದು ಪಟ್ಟಿ ಇದೆ. 1000 ಸ್ಪ್ಯಾಮ್‌ನಲ್ಲಿ 600 ಅದರಲ್ಲಿ ಸಿಗುತ್ತವೆ. 1000 ಒಳ್ಳೆಯ ಮೇಲ್‌ನಲ್ಲಿ 2 ಮಾತ್ರ ಸಿಗುತ್ತವೆ. 600ಕ್ಕೆ 2, ಅಂದರೆ 300 ಪಟ್ಟು. ಪಟ್ಟಿ "ಹೌದು" ಅಂದರೆ ಸ್ಪ್ಯಾಮ್ ಕಡೆಗೆ 300 ಪಟ್ಟು ವಾಲುತ್ತದೆ. "ಇಲ್ಲ" ಅಂದರೆ? 400 ಸ್ಪ್ಯಾಮ್‌ಗೆ 998 ಒಳ್ಳೆಯದು. ಸುಮಾರು 0.4 ಪಟ್ಟು. ಅರ್ಧಕ್ಕರ್ಧ ಅನುಮಾನ ಇದ್ದ ಮೇಲ್ ಈಗ ನೂರಕ್ಕೆ 29ರಷ್ಟು ಅನುಮಾನಕ್ಕೆ ಇಳಿಯಿತು, ಅಷ್ಟೇ. ನೋಡಿ, ಪಟ್ಟಿ ಹೌದು ಅಂದರೆ ಕೂಗಿ ಹೇಳಿದ ಹಾಗೆ. ಇಲ್ಲ ಅಂದರೆ ಪಿಸುಮಾತು. ಪಟ್ಟಿಯಲ್ಲಿಲ್ಲ ಅಂದಮಾತ್ರಕ್ಕೆ ಒಳ್ಳೆಯ ಮೇಲ್ ಅಂತ ತಿಳಿಯುವವರು ಇದನ್ನು ಮರೆಯುತ್ತಾರೆ.

ಈಗ ಮೇಷ್ಟ್ರ ಮೇಲ್ ತೆಗೆದುಕೊಳ್ಳೋಣ. ಪಟ್ಟಿ ಹೌದು ಅಂದಿತು, 300 ಪಟ್ಟು ಸ್ಪ್ಯಾಮ್ ಕಡೆ. ಪದಗಳು ನಮ್ಮವರದೇ, 50 ಪಟ್ಟು ಒಳ್ಳೆಯ ಕಡೆ ಅಂತ ಇಟ್ಟುಕೊಳ್ಳಿ. 300ನ್ನು 50ರಿಂದ ಭಾಗಿಸಿದರೆ 6. ಸ್ಪ್ಯಾಮ್ ಆಗಿರುವ ಸಂಭವ 7ರಲ್ಲಿ 6, ನೂರಕ್ಕೆ 86. ಅನುಮಾನ ಇದೆ, ಆದರೆ ತಿರುಗಿಸಿ ಕಳಿಸುವಷ್ಟು ಇಲ್ಲ. ಮನುಷ್ಯರೊಬ್ಬರು ತೆರೆದು ನೋಡಬೇಕಾದ ಮೇಲ್ ಅದು.

ಈಗ ನನ್ನ ತಪ್ಪು. ಎರಡನೇ ಪಟ್ಟಿಯೂ ಹೌದು ಅಂದಿತು. ಅದನ್ನೂ ಸ್ವತಂತ್ರ ಸಾಕ್ಷಿ ಅಂದುಕೊಂಡು ಇನ್ನೊಂದು 300ರಿಂದ ಗುಣಿಸಿದರೆ, 6 ಹೋಗಿ 1800 ಆಯಿತು. ನೂರಕ್ಕೆ 99.9ಕ್ಕಿಂತ ಜಾಸ್ತಿ ಖಚಿತ! ಹೊಸ ಮಾಹಿತಿ ಏನೂ ಬಂದಿಲ್ಲ. ಒಂದೇ ಸುದ್ದಿ ಎರಡು ಬಾಯಿಂದ ಬಂತು. ಬೇಯ್ಸ್ ಸೂತ್ರವನ್ನು ಇಲ್ಲಿ ಬಳಸುವ ರೀತಿಗೆ ಪ್ರತಿ ಸಾಕ್ಷಿಯೂ ಸ್ವತಂತ್ರ ಅನ್ನುವ ನಂಬಿಕೆ ಬೇಕು. ನಂಬಿಕೆ ಮುರಿದರೆ ಉತ್ತರ ತಪ್ಪುವುದಷ್ಟೇ ಅಲ್ಲ, ತುಂಬ ಧೈರ್ಯದಿಂದ ತಪ್ಪುತ್ತದೆ.

ಗುಣಿಸುವ ಬದಲು ಲಾಗರಿದಮ್ ತೆಗೆದು ಕೂಡಿಸಬಹುದು. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಗುಪ್ತ ಸಂದೇಶ ಒಡೆಯುವಾಗ ಅಲನ್ ಟ್ಯೂರಿಂಗ್ ಇದನ್ನೇ ಮಾಡಿದ್ದರು. ಸಾಕ್ಷ್ಯದ ತೂಕಕ್ಕೆ ಅವರು ಇಟ್ಟ ಅಳತೆಯ ಹೆಸರು ಬ್ಯಾನ್. ಲೆಕ್ಕದ ಹಾಳೆಗಳು ಅಚ್ಚಾಗುತ್ತಿದ್ದ ಬ್ಯಾನ್‌ಬರಿ ಪಟ್ಟಣದಿಂದ ಬಂದ ಹೆಸರು. ಸ್ಪ್ಯಾಮ್ ಫಿಲ್ಟರ್ ಕೊಡುವ ಅಂಕಗಳೂ ಆ ತೂಕದ ಸಂಬಂಧಿಗಳೇ. ಹಾಗಾಗಿಯೇ ಅವನ್ನು ಕೂಡುತ್ತಾ ಹೋಗುತ್ತೇವೆ.

ಸ್ಪ್ಯಾಮ್‌ಅಸಾಸಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಜಸ್ಟಿನ್ ಮೇಸನ್ 2001ರಲ್ಲಿ ಶುರು ಮಾಡಿದ ತಂತ್ರಾಂಶ, 2004ರಿಂದ ಅಪಾಚೆ ಅನ್ನುವ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆ. ಪ್ರತಿ ಪರೀಕ್ಷೆಗೂ ಒಂದು ಅಂಕ. ಒಟ್ಟು 5 ಮುಟ್ಟಿದರೆ ಸ್ಪ್ಯಾಮ್. ಇದನ್ನು ಮಾಡಿದವರ ಜಾಣತನ ಕಾಣಬೇಕಾದರೆ ಅಂಕಪಟ್ಟಿಯ ಫೈಲ್ ತೆರೆದು ನೋಡಿ. ಒಂದೇ ಪರೀಕ್ಷೆಗೆ ನಾಲ್ಕು ಅಂಕಗಳಿವೆ. ಪದ ಎಣಿಸುವ ಬೇಯ್ಸ್ ಫಿಲ್ಟರ್ ಇದೆಯೋ ಇಲ್ಲವೋ, ಬ್ಲಾಕ್‌ಲಿಸ್ಟ್‌ನಂಥ ನೆಟ್‌ವರ್ಕ್ ಪರೀಕ್ಷೆ ಇದೆಯೋ ಇಲ್ಲವೋ, ಈ ನಾಲ್ಕು ಸಂದರ್ಭಕ್ಕೆ ನಾಲ್ಕು. 3.3 ಆವೃತ್ತಿಯ ಕಾಲದ ಪಟ್ಟಿಯಲ್ಲಿ ಎಸ್‌ಬಿಎಲ್‌ನಲ್ಲಿದ್ದ ಮೇಲ್‌ಗೆ, ಬೇಯ್ಸ್ ಇಲ್ಲದಿದ್ದರೆ 2.596 ಅಂಕ. ಬೇಯ್ಸ್ ಇದ್ದರೆ 0.141. ಪಿಬಿಎಲ್‌ಗೆ ಮಾತ್ರ 3.558 ಇದ್ದದ್ದು 3.335 ಆಗುತ್ತದೆ, ಹೆಚ್ಚು ಬದಲಿಲ್ಲ.

ನಾನು ಇದನ್ನು ಓದುವುದು ಹೀಗೆ. ಅಂಕಗಳನ್ನು ನಿಜವಾದ ಮೇಲ್‌ಗಳ ರಾಶಿಯ ಮೇಲೆ ಒಟ್ಟಿಗೆ ಹೊಂದಿಸುತ್ತಾರೆ. ಎಸ್‌ಬಿಎಲ್ ಹಿಡಿಯುವುದನ್ನು ಪದಗಳ ಫಿಲ್ಟರ್ ಹೇಗೂ ಹಿಡಿಯುತ್ತಿತ್ತು. ಹಾಗಾಗಿ ಅದರ ಮಾತಿಗೆ ಪ್ರತ್ಯೇಕ ಬೆಲೆ ಉಳಿಯಲಿಲ್ಲ. ಪಿಬಿಎಲ್ ಹೇಳುವುದು ಪದಗಳಿಗೆ ತಿಳಿಯದ ಸಂಗತಿ. ಅದರ ಬೆಲೆ ಉಳಿಯಿತು. ಒಬ್ಬ ಸಾಕ್ಷಿ ಬಂದಿದ್ದಾನೆ ಅಂತ ಗೊತ್ತಾದ ಮೇಲೆ ಇನ್ನೊಬ್ಬನ ಮಾತಿಗೆ ಎಷ್ಟು ತೂಕ ಅಂತ ಮತ್ತೆ ತೂಗುವುದು. ನಾನು ಮಾಡದೇ ಬಿಟ್ಟದ್ದು ಇದನ್ನೇ.

ಕೂಡಿಸಲು ಇನ್ನೊಂದು ದಾರಿ ಇದೆ. ಪಟ್ಟಿಯ ಉತ್ತರವನ್ನೇ ಒಂದು ಪದ ಅಂತ ತಿಳಿದು ಬೇಯ್ಸ್ ಫಿಲ್ಟರ್‌ಗೆ ಕೊಡುವುದು. "ಲಾಟರಿ" ಹೇಗೆ ಒಂದು ಪದವೋ, "ಪಟ್ಟಿಯಲ್ಲಿ-ಇದೆ" ಅನ್ನುವುದೂ ಹಾಗೇ. ಆಗ ಪಟ್ಟಿಗೆ ಎಷ್ಟು ಬೆಲೆ ಕೊಡಬೇಕು ಅಂತ ನಾವು ಊಹಿಸಬೇಕಾಗಿಲ್ಲ. ನಮಗೆ ಬರುವ ಮೇಲ್‌ಗಳಿಂದ ಫಿಲ್ಟರೇ ಕಲಿಯುತ್ತದೆ. ನಮ್ಮ ಶಾಲೆಗಳೆಲ್ಲ ಅಗ್ಗದ ಹೋಸ್ಟಿಂಗ್‌ನಲ್ಲಿದ್ದರೆ ಆ ಪದ ಒಳ್ಳೆಯ ಗುಡ್ಡೆಯಲ್ಲೂ ಕಾಣುತ್ತದೆ, ಅದರ ಬೆಲೆ ಇಳಿಯುತ್ತದೆ. ಪಟ್ಟಿ ಕೆಟ್ಟು ಎಲ್ಲದಕ್ಕೂ ಹೌದು ಅನ್ನತೊಡಗಿದರೂ, ನಾವು ಕಲಿಸುತ್ತಾ ಹೋದ ಹಾಗೆ ಆ ಮಾತು ಬೆಲೆ ಕಳೆದುಕೊಳ್ಳುತ್ತದೆ. ಆದರೆ ಹತ್ತು ಪಟ್ಟಿಗೆ ಹತ್ತು ಪದ ಮಾಡಬೇಡಿ. ಮತ್ತೆ ಅದೇ ಎರಡು ಬಾಯಿಯ ತೊಂದರೆ. ನಾನು "ಯಾವುದರಲ್ಲೂ ಇಲ್ಲ", "ಒಂದರಲ್ಲಿದೆ", "ಒಂದಕ್ಕಿಂತ ಹೆಚ್ಚಿನದರಲ್ಲಿದೆ" ಅಂತ ಮೂರೇ ಪದ ಇಟ್ಟುಕೊಂಡೆ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದಳು. "ಮೇಡಂ, ಪಟ್ಟಿ ಹೇಳಿದ್ದನ್ನೇ ನಂಬಿ ಫಿಲ್ಟರ್ ತಾನಾಗೇ ಕಲಿತರೆ, ತಪ್ಪೂ ಕಲಿಯುತ್ತದಲ್ಲ?" ಖಂಡಿತ ಕಲಿಯುತ್ತದೆ. ಪಟ್ಟಿ ತಪ್ಪಾಗಿ ಹೌದು ಅಂದ ಮೇಷ್ಟ್ರ ಮೇಲ್ ಸ್ಪ್ಯಾಮ್ ಗುಡ್ಡೆಗೆ ಹೋದರೆ, "ಗ್ರಂಥಾಲಯ" ಅನ್ನುವ ಪದ ಕೆಟ್ಟ ಪದವಾಗುತ್ತದೆ. ಮುಂದಿನ ಮೇಷ್ಟ್ರ ಮೇಲ್ ಪಟ್ಟಿಯಲ್ಲಿ ಇಲ್ಲದಿದ್ದರೂ ಸಿಕ್ಕಿಬೀಳುತ್ತದೆ. ಸ್ಪ್ಯಾಮ್‌ಅಸಾಸಿನ್ ಇದಕ್ಕೆ ಬೇಲಿ ಹಾಕಿದೆ. ತಾನಾಗಿ ಸ್ಪ್ಯಾಮ್ ಅಂತ ಕಲಿಯಬೇಕಾದರೆ 5 ಅಂಕ ಸಾಲದು, 12 ಬೇಕು. ಆ 12ರಲ್ಲಿ ಬೇಯ್ಸ್ ಕೊಟ್ಟ ಅಂಕ ಲೆಕ್ಕಕ್ಕಿಲ್ಲ, ತನ್ನ ಮಾತನ್ನು ತಾನೇ ಕೇಳಿ ಕಲಿಯಬಾರದಲ್ಲ. ಜೊತೆಗೆ ಕನಿಷ್ಠ 3 ಅಂಕ, ಮೇಲ್ ಎಲ್ಲಿಂದ ಹೇಗೆ ಬಂತು ಅಂತ ಹೇಳುವ ಹೆಡರ್‌ನಿಂದ, ಕನಿಷ್ಠ 3 ಒಳಗಿನ ಬರಹದಿಂದ ಬರಬೇಕು. ಅಂದರೆ ಎರಡೂ ಪ್ರಶ್ನೆಗೆ ಬೇರೆಬೇರೆಯಾಗಿ ಕೆಟ್ಟ ಉತ್ತರ ಸಿಗಬೇಕು. ಇನ್ನೂ ಒಂದು ಮಾತು. 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ನೋಡುವವರೆಗೆ ಅದರ ಬೇಯ್ಸ್ ಬಾಯಿಯನ್ನೇ ತೆರೆಯುವುದಿಲ್ಲ.

ಬಾಗಿಲಲ್ಲೇ ತಿರುಗಿಸುವುದರಿಂದ ಪದಗಳ ಫಿಲ್ಟರ್‌ಗೆ ಇನ್ನೊಂದು ನಷ್ಟ ಇದೆ. ಕಣ್ಣಿಗೆ ಕಾಣುವ ಸ್ಪ್ಯಾಮ್ ಎಲ್ಲ ಹೊರಗೇ ಉಳಿಯುತ್ತದೆ. ಫಿಲ್ಟರ್ ನೋಡುವುದು ತಪ್ಪಿಸಿಕೊಂಡು ಬಂದ ಜಾಣ ಸ್ಪ್ಯಾಮ್ ಮಾತ್ರ. ಪಟ್ಟಿ ಒಂದು ದಿನ ಕೆಲಸ ಮಾಡದಿದ್ದರೆ, ಎಂದೂ ನೋಡದ ಸಾಮಾನ್ಯ ಸ್ಪ್ಯಾಮ್ ಮುಂದೆ ಅದು ತಬ್ಬಿಬ್ಬಾಗುತ್ತದೆ. ಹಾಗಾಗಿ ಯಾರಿಗೂ ಕೊಡದ ಒಂದೆರಡು ಮೇಲ್ ವಿಳಾಸ ಇಟ್ಟು, ಅಲ್ಲಿಗೆ ಬರುವುದನ್ನೆಲ್ಲ ಬಾಗಿಲಲ್ಲಿ ತಡೆಯದೆ ಒಳಗೆ ಬಿಟ್ಟೆ. ಅದು ಫಿಲ್ಟರ್‌ಗೆ ಪಾಠದ ಪುಸ್ತಕವಾಯಿತು.

ಹಾಗಾದರೆ ಬಾಗಿಲಲ್ಲಿ ಯಾರನ್ನೂ ತಡೆಯಬಾರದೇ ಅಂತ ಇನ್ನೊಬ್ಬರು ಕೇಳಿದರು. ತಡೆಯಬೇಕು. ವೈರಸ್ ಹೊಕ್ಕ ಕಂಪ್ಯೂಟರ್ ನೇರವಾಗಿ ಬಂದು ಮೇಲ್ ಕೊಟ್ಟರೆ ಅದರ ಪದ ಓದುವುದಕ್ಕೆ ಸಮಯ ಯಾಕೆ ಕೊಡಬೇಕು? ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ತಂತ್ರಾಂಶದಲ್ಲಿ ಬಾಗಿಲು ಕಾಯುವ ಪೋಸ್ಟ್‌ಸ್ಕ್ರೀನ್ ಇದೆ. ಅದರಲ್ಲಿ ಪ್ರತಿ ಪಟ್ಟಿಗೂ ಪ್ರತಿ ಉತ್ತರದ ಅಂಕಿಗೂ ಬೇರೆ ತೂಕ ಕೊಡಬಹುದು. ಒಳ್ಳೆಯ ಸರ್ವರ್‌ಗಳ ಪಟ್ಟಿಗೆ ಋಣ ತೂಕವನ್ನೂ ಕೊಡಬಹುದು. ಅಲ್ಲಿ ಗೆರೆಯನ್ನು ಎತ್ತರದಲ್ಲಿ ಇಡಿ, ಉಳಿದದ್ದು ಒಳಗೆ ಬಂದು ಎರಡೂ ಪ್ರಶ್ನೆಗೆ ಉತ್ತರ ಹೇಳಲಿ. ಜಿಮೇಲ್‌ನಂಥ ದೊಡ್ಡವರ ಐಪಿಯಿಂದ ಸ್ಪ್ಯಾಮ್ ಬಂದರೆ ಪಟ್ಟಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಆ ಐಪಿಯಿಂದಲೇ ಕೋಟ್ಯಂತರ ಜನ ಬರೆಯುತ್ತಾರೆ. ಅಲ್ಲಿ ಪದಗಳೂ, ಮೇಲ್‌ನೊಳಗಿನ ಲಿಂಕ್‌ಗಳನ್ನು ನೋಡುವ ಪಟ್ಟಿಗಳೂ ಕೈ ಹಿಡಿಯುತ್ತವೆ.

ಬಾಗಿಲಲ್ಲಿ ತಿರುಗಿಸುವುದರ ಪರವಾಗಿ ಒಂದು ಮಾತು ಹೇಳಲೇಬೇಕು. ತಿರುಗಿಸಿದರೆ ಕಳಿಸಿದವರಿಗೆ ಸುದ್ದಿ ಹೋಗುತ್ತದೆ. ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದರೆ ಕಳಿಸಿದವರಿಗೂ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ. ಮೇಷ್ಟ್ರು ಫೋನ್ ಮಾಡಿದ್ದು ಮೇಲ್ ವಾಪಸ್ ಬಂದದ್ದರಿಂದಲೇ. ಅವರು ತಡವಾಗಿ ಮಾಡಿದ್ದು, ಅದು ಇಂಗ್ಲಿಷಿನಲ್ಲಿ ಇದ್ದದ್ದರಿಂದ. "554" ಅಂತ ಶುರುವಾಗಿ, ಒಂದು ಐಪಿ, ಒಂದು ಪಟ್ಟಿಯ ಹೆಸರು. ಅದನ್ನು ಓದಿ ಏನು ಮಾಡಬೇಕು ಅಂತ ಯಾರಿಗೆ ತಿಳಿಯುತ್ತದೆ?

ಆ ಸಾಲನ್ನು ಕನ್ನಡಕ್ಕೆ ಬದಲಿಸಲು ಹೋದೆ. ಸರ್ವರ್‌ಗಳು ಮಾತಾಡುವ ಎಸ್‌ಎಮ್‌ಟಿಪಿ ಉತ್ತರದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಮಾತ್ರ ನಡೆಯುತ್ತದೆ. ಹಾಗಾಗಿ ಆ ಸಾಲಿನಲ್ಲಿ ಕಚೇರಿಯ ಫೋನ್ ನಂಬರ್ ಮತ್ತು ಒಂದು ಪುಟ್ಟ ಲಿಂಕ್ ಇಟ್ಟೆ. ಲಿಂಕ್ ಒತ್ತಿದರೆ ಕನ್ನಡದಲ್ಲಿ ಒಂದು ಪುಟ ತೆರೆಯುತ್ತದೆ. ನಿಮ್ಮ ಮೇಲ್ ನಮಗೆ ತಲುಪಿಲ್ಲ, ತಪ್ಪು ನಿಮ್ಮದಲ್ಲದೇ ಇರಬಹುದು, ಈ ನಂಬರಿಗೆ ಫೋನ್ ಮಾಡಿ ಅಂತ ಅದರಲ್ಲಿದೆ. ಪುಟ ಹಾಕಿದ ಮೇಲೆ ಬಂದ ಮೊದಲ ಫೋನ್ ಅದೇ ದಿನದ್ದು. ಬೆಳಿಗ್ಗೆ ತಿರುಗಿಸಿದ ಮೇಲ್‌ಗೆ ಮಧ್ಯಾಹ್ನವೇ ಕರೆ ಬಂತು. ಸಂಜೆಯೊಳಗೆ ಆ ಅರ್ಜಿ ನಮ್ಮ ಕೈಯಲ್ಲಿತ್ತು.